ಮಾವನ ಕೊನೆಯ ಹಲ್ಲು

"ಇದು ಆಗುವ ಹೋಗುವ ಕೆಲಸ ಅಲ್ಲ" ಎಂದವರು ನನ್ನ ಸೋದರಮಾವ ಕಾಂತಪ್ಪ. ಹೇಳಿದ್ದು ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ, ಮಣಿಪಾಲದಲ್ಲಿ ದಂತ ವೈದ್ಯಕೀಯಕ್ಕೆ ನನಗೆ ಸೀಟು ಸಿಕ್ಕಿದೆ ಎಂದು ತಿಳಿದ ದಿನ. ನೆರೆಯವರೂ ಹಾಗೆಯೇ ಹೇಳಿದ್ದರು, ಆದರೆ ಅವರು ಹೇಳಿ ಮರೆತರು. ಮಾವ ಮರೆಯುವವರಲ್ಲ. ನಮ್ಮಲ್ಲಿ ಮನೆಯ ಯಜಮಾನಿಕೆ ತಾಯಿಯ ಅಣ್ಣನದು. ಅದರ ಮೇಲೆ ಅವರು ಬೋಟಿನ ತಾಂಡೇಲ, ಅಂದರೆ ಕಡಲಿನಲ್ಲಿ ಬೋಟು ಯಾವ ಕಡೆಗೆ ತಿರುಗಬೇಕು ಎಂದು ಹೇಳುವವರು. ಮನೆಯೂ ಅವರು ಹೇಳಿದ ಕಡೆಗೇ ತಿರುಗುತ್ತಿತ್ತು.

"ಹಲ್ಲು ಕೀಳಲಿಕ್ಕೆ ಕಾಲೇಜು ಎಂತಕ್ಕೆ? ಅದು ತನ್ನಷ್ಟಕ್ಕೇ ಬೀಳ್ತದೆ. ನನ್ನದು ಬೀಳಲಿಲ್ವಾ?" ಎಂದು ಬಾಯಿ ತೆರೆದು ತೋರಿಸಿದರು. ಆ ಬಾಯಿಯಲ್ಲಿ ಕೆಳಗಡೆ, ಎದುರಿನಲ್ಲಿ, ಹಲವು ಹಲ್ಲುಗಳು ಆಗಲೇ ಜಾಗ ಖಾಲಿ ಮಾಡಿದ್ದವು.

"ಅವಳು ಓದುತ್ತೇನೆ ಅಂತ ಹೇಳ್ತಾಳೆ ಅಣ್ಣ" ಎಂದಳು ಅಮ್ಮ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದವಳು. ಎಲ್ಲರೊಂದಿಗೂ ಗಟ್ಟಿ ದನಿಯಲ್ಲಿ ಚೌಕಾಸಿ ಮಾಡುವವಳು, ಅಣ್ಣನ ಎದುರು ಮಾತ್ರ ಮೆತ್ತಗೆ.

"ಓದಲಿ. ನಾನು ಬೇಡ ಅಂದೆನಾ? ಒಂದು ಸಲ ಫೇಲಾದರೆ ಮಾತ್ರ ವಾಪಸು ಮನೆಗೆ. ಐಸ್ ಪ್ಲಾಂಟಿನಲ್ಲಿ ಟೋಕನ್ ಕೊಡಲಿಕ್ಕೆ ಜನ ಬೇಕಂತೆ. ಶಶಿಗೆ ಇಂಗ್ಲಿಷ್ ಅಕ್ಷರ ಬರ್ತದೆ, ಅದಕ್ಕೆ ಧಾರಾಳ."

ಹೀಗೆ ನನ್ನ ವೃತ್ತಿಜೀವನ ಶುರುವಾಯಿತು. ಒಂದು ಕಡೆ ದಂತ ವೈದ್ಯಕೀಯ, ಇನ್ನೊಂದು ಕಡೆ ಐಸ್ ಪ್ಲಾಂಟು, ನಡುವೆ ಒಂದೇ ಒಂದು ಫೇಲು. ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಹಾಗಾಗಿ ಎಷ್ಟು ಫೇಲಾದರೆ ಸಹಜ ಎಂದು ಮಾವನಿಗೆ ಹೇಳುವವರೂ ಇರಲಿಲ್ಲ.

(ಮನೆಯ ಮಾತೆಲ್ಲ ತುಳು. ಓದುವವರ ಅನುಕೂಲಕ್ಕೆ ಇಲ್ಲಿ ಕನ್ನಡ ಮಾಡಿದ್ದೇನೆ. ಬೈಗುಳಗಳನ್ನು ಕನ್ನಡ ಮಾಡಲು ಆಗಲಿಲ್ಲ, ಬಿಟ್ಟಿದ್ದೇನೆ.)

ಕಾರ್ಕಳದಲ್ಲಿ ಹಲವು ವರ್ಷ ಕ್ಲಿನಿಕ್ ನಡೆಸಿ, ಆಮೇಲೆ ದಂತ ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಈಗ ನಿವೃತ್ತಳಾಗಿದ್ದೇನೆ. ಹೊಸದಾಗಿ ಸೇರುವ ಮಕ್ಕಳು ಮನೆಗೆ ಬಂದು, "ಮ್ಯಾಮ್, ಈ ಕೋರ್ಸಿನಲ್ಲಿ ನಿಜವಾಗಿ ಎಂತ ಕಲಿಸ್ತಾರೆ?" ಎಂದು ಕೇಳುತ್ತಾರೆ. ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಎಲ್ಲ ಬರೆದಿರುತ್ತದೆ. ಅದರಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮೊದಲ ವರ್ಷ ನಮಗೆ ಕಲಿಸಿದ್ದು ಮೇಣ ಕೆತ್ತುವುದು. ಡಾಕ್ಟರಾಗುತ್ತೇನೆ ಎಂದು ಹೊಸ ಬಿಳಿ ಕೋಟು ಹಾಕಿಕೊಂಡು ಹೋದವರ ಕೈಗೆ ಒಂದು ಮೇಣದ ತುಂಡು, ಒಂದು ಸಣ್ಣ ಚೂರಿ ಕೊಟ್ಟು, "ಹಲ್ಲು ಕೆತ್ತಿ" ಎಂದರು. ಬಡಗಿಯ ಮಕ್ಕಳಾಗಿದ್ದರೆ ಖುಷಿ ಪಡುತ್ತಿದ್ದೆವು. ಕೃತಕ ಹಲ್ಲಿನ ವಿಭಾಗದ ಮುಖ್ಯಸ್ಥರೊಬ್ಬರಿದ್ದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಸಹಪಾಠಿಗಳಿಗೇ ಗುರುತು ಸಿಗಲಿಕ್ಕಿಲ್ಲ. ನಾವು ಅವರನ್ನು ಕರೆಯುತ್ತಿದ್ದದ್ದು 'ಮತ್ತೊಮ್ಮೆ ಸರ್' ಎಂದು. ಏನು ಮಾಡಿ ತೋರಿಸಿದರೂ ಅವರ ಬಾಯಿಂದ ಬರುತ್ತಿದ್ದದ್ದು ಅದೊಂದೇ ಪದ. ನಾನು ಕೆತ್ತಿದ ಮೊದಲ ದವಡೆ ಹಲ್ಲನ್ನು ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಉಬ್ಬಿದೆ.

"ಇದು ಯಾವ ಪ್ರಾಣಿಯದ್ದು?"

"ಮನುಷ್ಯನದ್ದು ಸರ್."

"ಪಾಪ" ಎಂದರು. ಹಲ್ಲು ಬುಟ್ಟಿಗೆ ಬಿತ್ತು. "ಮತ್ತೊಮ್ಮೆ."

ಅಭ್ಯಾಸಕ್ಕೆ ಮೇಣ ಸಾಲದೆ ಭಾನುವಾರ ಮನೆಯಲ್ಲಿ ಬಟ್ಟೆ ಸೋಪಿನಲ್ಲಿ ಕೆತ್ತುತ್ತಿದ್ದೆ. ಮೈ ಸೋಪಿಗೂ ಕೈ ಹಾಕಿದೆ. ಇಡೀ ಮನೆ ಒಂದು ವರ್ಷ ದವಡೆ ಹಲ್ಲಿನಿಂದ ಮೈ ತೊಳೆಯಿತು. "ಶಶಿ, ಬೇರು ಸ್ವಲ್ಪ ಮೊಂಡು ಮಾಡು ಮಾರಾಯ್ತಿ, ಕಂಕುಳಿಗೆ ಚುಚ್ತದೆ" ಎಂದು ಅಮ್ಮ ಬಚ್ಚಲಿನಿಂದ ಕೂಗುತ್ತಿದ್ದಳು.

ಅರಿವಳಿಕೆ ಚುಚ್ಚುವುದನ್ನು ನಾವು ಕಲಿತದ್ದು ಒಬ್ಬರ ಬಾಯಿಯಲ್ಲಿ ಇನ್ನೊಬ್ಬರು. ಯಾರು ಯಾರಿಗೆ ಎಂದು ಚೀಟಿ ಎತ್ತುತ್ತಿದ್ದರು. ನನ್ನ ಪಾಲಿಗೆ ಬಂದವನು ರೋಹನ್. ಅಪ್ಪ ಡಾಕ್ಟರ್, ಅಜ್ಜ ಡಾಕ್ಟರ್, ಮನೆಯಲ್ಲಿ ಕಾರು. ನಾನು ಸೂಜಿ ಎತ್ತಿದ್ದೇ ತಡ, ಮೂರು ತಲೆಮಾರಿನ ವೈದ್ಯಕೀಯ ಕುರ್ಚಿಯಿಂದ ಕೆಳಗೆ ಜಾರಿತು. ಎಚ್ಚರವಾದ ಮೇಲೆ ಅವನ ಸರದಿ. ಅವನು ಚುಚ್ಚಿದ್ದು ಹೇಗಿತ್ತೆಂದರೆ ನನ್ನ ಹಲ್ಲು ಮರಗಟ್ಟಲಿಲ್ಲ, ಕಿವಿಯೂ ತುಟಿಯೂ ಮರಗಟ್ಟಿದವು. ಸಂಜೆ ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ?" ಎಂದಾಗ "ಕಾಪು" ಎನ್ನಲು ತುಟಿ ಸೇರಲಿಲ್ಲ. ಅವನು ನನ್ನನ್ನು ಕಾಪು ದಾಟಿಸಿ ಪಡುಬಿದ್ರಿಯವರೆಗೆ ಕರೆದೊಯ್ದ.

ಎರಡು ವರ್ಷ ಕಳೆದು ರೋಗಿಗಳ ಎದುರು ನಿಲ್ಲಿಸಿದಾಗ ಒಂದು ವಿಚಿತ್ರ ನಡೆಯಿತು. ನಮ್ಮ ತರಗತಿಯ ಬುದ್ಧಿವಂತರಲ್ಲಿ ಹೆಚ್ಚಿನವರು ದೂರದ ಊರುಗಳವರು. ಹಲ್ಲಿನ ಒಂದೊಂದು ನರದ ಹೆಸರೂ ಅವರಿಗೆ ಬಾಯಿಪಾಠ. ಆದರೆ ಎದುರಿನ ಕುರ್ಚಿಯಲ್ಲಿ ಎಲ್ಲೂರಿನ ಅಜ್ಜಿ ಕೂತಿದ್ದಾರೆ, ಅವರಿಗೆ ತುಳು ಬಿಟ್ಟು ಬೇರೆ ಬಾರದು. "ನೋವು ಹರಡುವ ಸ್ವಭಾವದ್ದೋ?" ಎಂದು ಇವರು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅಜ್ಜಿ ತಲೆಯಾಡಿಸುತ್ತಾರೆ. "ಬಿಸಿಗೆ ಹೆಚ್ಚೋ, ತಣ್ಣಗಿನದಕ್ಕೋ?" ಅದಕ್ಕೂ ತಲೆಯಾಡಿಸುತ್ತಾರೆ. ಕೊನೆಗೆ ನನ್ನ ಕೋಟಿನ ತುದಿ ಎಳೆದು, "ಶಶಿ, ಪ್ಲೀಸ್" ಎನ್ನುತ್ತಿದ್ದರು. ನಾನು ಹೋಗಿ, "ಓಲು ಬೇನೆ ಅಜ್ಜಿ?" ಎಂದು ನೋವು ಎಲ್ಲಿ ಎಂದು ಕೇಳಿದರೆ ಸಾಕು, ಅಜ್ಜಿ ಹಲ್ಲುನೋವಿನಿಂದ ಶುರು ಮಾಡಿ ಸೊಸೆಯವರೆಗೆ ಎಲ್ಲ ನೋವನ್ನೂ ಒಪ್ಪಿಸುತ್ತಿದ್ದರು. ಶಾಲೆಯಲ್ಲಿ ತುಳು ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಂತವಳು ನಾನು. ಅದೇ ತುಳುವಿಗಾಗಿ ಈಗ ಜನ ಸಾಲು ನಿಂತಿದ್ದರು. ಆ ಸಾಲಿನಲ್ಲಿ ರೋಹನ್ ಮೊದಲಿಗ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೊನೆಯ ವರ್ಷದ ಪರೀಕ್ಷೆಗೆ ಪ್ರತಿ ವಿದ್ಯಾರ್ಥಿಯೂ ಒಂದೂ ಹಲ್ಲಿಲ್ಲದ ಬಾಯಿಯನ್ನು ತಾನೇ ಹುಡುಕಿ ತರಬೇಕು. ಅದಕ್ಕೆ ಪೂರ್ತಿ ಹಲ್ಲಿನ ಸೆಟ್ ಮಾಡಿ, ಹೊರಗಿನಿಂದ ಬಂದ ಪರೀಕ್ಷಕರ ಎದುರು ಕೂರಿಸಿ ತೋರಿಸಬೇಕು. ರೋಗಿ ಬಾರದಿದ್ದರೆ ಫೇಲು. ಇದನ್ನು ಯಾವ ಪುಸ್ತಿಕೆಯೂ ಹೇಳುವುದಿಲ್ಲ. ಹಲ್ಲಿಲ್ಲದವರು ಊರು ತುಂಬ ಇದ್ದಾರೆ, ನಿಜ. ಆದರೆ ನಮಗೆ ಬೇಕಾದದ್ದು ಬರೀ ಬೊಚ್ಚು ಬಾಯಿಯಲ್ಲ, ವಸಡಿನ ದಿಬ್ಬ ಎತ್ತರವಾಗಿ, ಗಟ್ಟಿಯಾಗಿ ಉಳಿದಿರುವ ಬೊಚ್ಚು ಬಾಯಿ. ದಿಬ್ಬ ಸವೆದು ಚಪ್ಪಟೆಯಾಗಿದ್ದರೆ ಸೆಟ್ ನಿಲ್ಲುವುದಿಲ್ಲ, ತಟ್ಟೆಯ ಮೇಲಿನ ಬೆಣ್ಣೆಯ ಹಾಗೆ ಜಾರುತ್ತದೆ.

ಹೀಗಾಗಿ ಕೊನೆಯ ವರ್ಷದಲ್ಲಿ ನಮ್ಮ ಕಣ್ಣೇ ಬದಲಾಯಿತು. ಬಸ್ಸಿನಲ್ಲಿ ಮುದುಕರು ಆಕಳಿಸಿದರೆ ಬಗ್ಗಿ ನೋಡುವುದು. ಮದುವೆ ಊಟದಲ್ಲಿ ಯಾರು ಹಪ್ಪಳವನ್ನು ಸಾರಿನಲ್ಲಿ ನೆನೆಸುತ್ತಿದ್ದಾರೆ ಎಂದು ಪಂಕ್ತಿ ಉದ್ದಕ್ಕೂ ಕಣ್ಣು ಹಾಯಿಸುವುದು. ಸಿಕ್ಕಿದವರನ್ನು ಪರೀಕ್ಷೆ ಮುಗಿಯುವವರೆಗೆ ಅಳಿಯನ ಹಾಗೆ ನೋಡಿಕೊಳ್ಳುವುದು. ಒಬ್ಬರ ರೋಗಿಯನ್ನು ಇನ್ನೊಬ್ಬರು ಹಾರಿಸಿಕೊಂಡು ಹೋಗುವುದೂ ಉಂಟು. ಅದಕ್ಕೇ ಯಾರೂ ತಮ್ಮ ರೋಗಿಯ ಊರು ಬಾಯಿ ಬಿಡುತ್ತಿರಲಿಲ್ಲ.

ನನಗೆ ಸಿಕ್ಕಿದವರು ಕಾರ್ಕಳದ ಹತ್ತಿರದ ಕುಕ್ಕುಂದೂರಿನ ಸಂಜೀವಣ್ಣ. ಕಲ್ಲುಕೋರೆಯಲ್ಲಿ ಕೆಲಸ ಮಾಡಿ ಬಿಟ್ಟವರು. ಅವರ ಬಾಯಿ ನೋಡಿ ನನಗೆ ಕಣ್ಣೀರು ಬಂದಿತ್ತು. ಅಷ್ಟು ಚಂದದ ದಿಬ್ಬ. ಕಾರ್ಕಳದಿಂದ ಬಸ್ಸಿನಲ್ಲಿ ಅವರನ್ನು ಕರೆತಂದು, ಅಚ್ಚು ತೆಗೆದು, ಹೋಟೆಲಿನಲ್ಲಿ ಇಡ್ಲಿ ಕೊಡಿಸಿ, ವಾಪಸು ಬಸ್ಸು ಹತ್ತಿಸುತ್ತಿದ್ದೆ. ಒಂದು ದಿನ ಅವರು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾನು ಕುಕ್ಕುಂದೂರಿಗೆ ಹೋದೆ. ಸಂಜೀವಣ್ಣ ಅಂಗಳದಲ್ಲಿ ನಿಂತು ನನ್ನ ಮುಖ ನೋಡಲಿಲ್ಲ.

"ಡಾಕ್ಟ್ರಮ್ಮ, ಬೇಜಾರು ಮಾಡಬೇಡಿ. ಆ ಇನ್ನೊಬ್ಬರು ಡಾಕ್ಟ್ರು ಕಾರು ತಂದಿದ್ರು. ಮನೆ ಬಾಗಿಲಿಗೇ."

"ಯಾವ ಡಾಕ್ಟ್ರು?"

"ಬೆಳ್ಳಗೆ, ಕನ್ನಡಕ ಉಂಟು. ತುಳು ಬರುವುದಿಲ್ಲ ಅವರಿಗೆ. ಉಡುಪಿಯಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತೆಗೆಸಿಕೊಟ್ರು." ನನಗೆ ಸಮಾಧಾನವಾಗಲಿ ಎಂಬ ಹಾಗೆ ಸೇರಿಸಿದರು: "ಅದಕ್ಕೆ ಹಲ್ಲು ಬೇಡ ನೋಡಿ."

ನನ್ನನ್ನು ಜೀವನದಲ್ಲಿ ಮೊದಲು ಡಾಕ್ಟ್ರಮ್ಮ ಎಂದು ಕರೆದವರು ಅವರು. ಕರೆಯುತ್ತಲೇ ಕೈಕೊಟ್ಟವರೂ ಅವರೇ. ರೋಹನ್‌ನನ್ನು ಕೇಳಿದೆ. "ಶಶಿ, ನಿನಗೆ ಭಾಷೆ ಉಂಟು, ಇನ್ನೊಬ್ಬರು ಸಿಗ್ತಾರೆ. ನನಗೆ ಯಾರು ಸಿಗ್ತಾರೆ?" ಎಂದ. ಅಷ್ಟು ದಿನ ನಾನು ಅವನಿಗಾಗಿ ತುಳುವಿನಲ್ಲಿ ಕೇಳಿಕೊಟ್ಟ ಪ್ರಶ್ನೆಗಳನ್ನು ಲೆಕ್ಕ ಹಾಕುತ್ತಾ ಬೇರೆ ಬಾಯಿ ಹುಡುಕಲು ಹೊರಟೆ. ಇದರಲ್ಲಿ ಅವನಿಗೆ ಶಿಕ್ಷೆಯಾಗುತ್ತದೆ ಎಂದು ಕಾಯಬೇಡಿ. ಸಂಜೀವಣ್ಣನ ಬಾಯಿಯಿಂದ ಅವನು ಪರೀಕ್ಷೆಯಲ್ಲಿ ನನಗಿಂತ ಹೆಚ್ಚು ಅಂಕ ಪಡೆದ.

ಪರೀಕ್ಷೆಗೆ ಒಂದು ಮಳೆಗಾಲ ಮಾತ್ರ ಉಳಿದಿತ್ತು. ಹುಡುಕಿದಲ್ಲೆಲ್ಲ ಒಂದೋ ಚಪ್ಪಟೆ ದಿಬ್ಬ, ಇಲ್ಲ ಬೇರೆಯವರು ಮೊದಲೇ ಹೇಳಿಟ್ಟ ಬಾಯಿ. ಐಸ್ ಪ್ಲಾಂಟಿನ ಟೋಕನ್ ಕನಸಿನಲ್ಲಿ ಬರತೊಡಗಿತು. ಒಂದು ಭಾನುವಾರ ಮನೆಗೆ ಹೋದಾಗ ಬೋಟುಗಳೆಲ್ಲ ದಡದಲ್ಲಿದ್ದವು, ಗಂಡಸರು ಚಪ್ಪರದಡಿ ಬಲೆ ರಿಪೇರಿಗೆ ಕೂತಿದ್ದರು. ನಡುವೆ ಮಾವ. ಅಷ್ಟರೊಳಗೆ ಅವರ ಬಾಯಿಯಲ್ಲಿ ಉಳಿದದ್ದು ಒಂದೇ ಹಲ್ಲು, ಕೆಳಗಿನ ಎಡ ಕೋರೆಹಲ್ಲು. ಗಂಟು ಹಾಕುವುದು, ನೂಲನ್ನು ಬಾಯಿಗೆ ಒಯ್ಯುವುದು, ಕೈಯನ್ನು ಒಮ್ಮೆ ಝಾಡಿಸುವುದು. ನೈಲಾನ್ ನೂಲು ತುಂಡು. ಉಳಿದವರು ಚೂರಿ ಹುಡುಕುತ್ತಿದ್ದರೆ ಮಾವನಿಗೆ ಹಲ್ಲೇ ಸಾಕು. ಕಾಪುವಿನಲ್ಲಿ ಆ ಹಲ್ಲಿಗೆ ಮಾವನಷ್ಟೇ ಹೆಸರಿತ್ತು.

ನಾನು ನೋಡಿದ್ದು ಹಲ್ಲನ್ನಲ್ಲ. ಅದರ ಅತ್ತಿತ್ತಲಿನ ದಿಬ್ಬವನ್ನು. ಇಡೀ ವರ್ಷ ಊರೂರು ಅಲೆದು ಹುಡುಕಿದ ದಿಬ್ಬ ನಮ್ಮ ಮನೆಯ ಚಪ್ಪರದಡಿಯಲ್ಲೇ ಬೈಯುತ್ತಾ ಕೂತಿತ್ತು. ಒಂದು ಹಲ್ಲು ಹೋದರೆ ಸಾಕು.

"ಮಾವ, ಆ ಹಲ್ಲು ನನಗೆ ಕೊಡಿ."

"ಎಂತಕ್ಕೆ? ನಿನಗೆ ಮೂವತ್ತೆರಡು ಇಲ್ವಾ?"

"ಪರೀಕ್ಷೆಗೆ ಹಲ್ಲಿಲ್ಲದವರು ಬೇಕು."

ಮಾವ ಬಲೆ ಕೆಳಗಿಟ್ಟರು. "ನಾಲ್ಕು ವರ್ಷ ಓದಿದ್ದು ಹಲ್ಲಿನ ವಿಷಯ. ಪರೀಕ್ಷೆಗೆ ಬೇಕಾದದ್ದು ಹಲ್ಲಿಲ್ಲದವರು. ಇದೆಂತ ಓದು ಮಾರಾಯ್ತಿ?" ಚಪ್ಪರವೆಲ್ಲ ನಕ್ಕಿತು. ನಗು ಕೇಳಿ ಮಾವ ಹುರುಪುಗೊಂಡರು. "ಈ ಹಲ್ಲು ಯಾರಿಂದಲೂ ಕೀಳಲಿಕ್ಕೆ ಆಗುವುದಿಲ್ಲ. ಬಂಡೆಯ ಹಾಗೆ ಉಂಟು. ನಿನ್ನಿಂದ ಆದರೆ ನಾನು ನಿನ್ನ ಪರೀಕ್ಷೆಗೆ ಬರ್ತೇನೆ. ಆಗದಿದ್ದರೆ ನಾಳೆಯೇ ಐಸ್ ಪ್ಲಾಂಟು. ಎಲ್ಲರೂ ಕೇಳಿದ್ರಲ್ಲ?"

ಎಲ್ಲರೂ ಕೇಳಿದ್ದರು. ಅಮ್ಮ ಮಾತ್ರ ನನ್ನನ್ನು ಒಳಗೆ ಎಳೆದು, "ಹೋಗಿ ಹೋಗಿ ಅಣ್ಣನ ಹಲ್ಲಿನ ಮೇಲೆ ಪಂಥ ಕಟ್ಟಿದೆಯಲ್ಲ" ಎಂದು ತಲೆಗೆ ಮೊಟಕಿದಳು.

ಮರುದಿನ ಮಾವ ಇಸ್ತ್ರಿ ಅಂಗಿ ಹಾಕಿ ಮಣಿಪಾಲಕ್ಕೆ ಬಂದರು. ಕುರ್ಚಿಯಲ್ಲಿ ಕೂತರು, ಕುರ್ಚಿ ಹಿಂದಕ್ಕೆ ಬಾಗಿದಾಗ ಬೋಟಿನಲ್ಲಿ ಹಿಡಿಯುವ ಹಾಗೆ ಎರಡೂ ಕೈಗಳಿಂದ ಹಿಡಿದುಕೊಂಡರು. ನಾನು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದೆ. ಹಿಡಿದವಳು ಹಾಗೆಯೇ ನಿಂತೆ. ಹಲ್ಲಿನ ಸುತ್ತ ಎಲುಬೇ ಇರಲಿಲ್ಲ. ಬಂಡೆಯಂಥ ಹಲ್ಲು ನಿಂತದ್ದು ವಸಡಿನ ಚರ್ಮದ ಮೇಲೆ, ಮಾವ ನಾಲಿಗೆಯಿಂದ ಕೊಡುತ್ತಿದ್ದ ಆಸರೆಯ ಮೇಲೆ. ಮದ್ದು ಚುಚ್ಚಿ, ಇಕ್ಕಳ ತರಲು ತಿರುಗುವ ಮೊದಲು ಎಷ್ಟು ಅಲುಗುತ್ತದೆ ನೋಡೋಣ ಎಂದು ಬೆರಳಿನಲ್ಲಿ ಮುಟ್ಟಿದೆ. ಹಲ್ಲು ಬೆರಳಿನ ಜೊತೆಯಲ್ಲೇ ಬಂತು.

ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಮಾವ ನನ್ನನ್ನು ನೋಡಿದರು, ಹಲ್ಲನ್ನು ನೋಡಿದರು.

"ಆಯ್ತಾ?"

"ಆಯ್ತು ಮಾವ."

"ಇಷ್ಟೇನಾ?"

"ಇಷ್ಟೇ." ಆಗ ನನಗೆ ಅನುಮಾನ ಬಂತು. "ಮಾವ, ಇದರಲ್ಲಿ ಅವಲಕ್ಕಿ ಕೂಡ ಅಗಿಯಲಿಕ್ಕೆ ಆಗದು. ನೂಲು ಕಡಿಯುತ್ತಿದ್ದದ್ದು ಹೇಗೆ?"

ಮಾವ ಬಾಗಿಲ ಕಡೆ ನೋಡಿ ಕಿಸೆಗೆ ಕೈ ಹಾಕಿದರು. ಅಂಗೈಯಲ್ಲಿ ಅರ್ಧ ಶೇವಿಂಗ್ ಬ್ಲೇಡು, ಬೆರಳ ಸಂದಿಗೆ ಸರಿಹೊಂದುವ ಹಾಗೆ ಮುರಿದದ್ದು. "ಬಾಯಿ ಹತ್ತಿರ ತಂದು ಕಡಿದರೆ ಯಾರು ನೋಡ್ತಾರೆ? ಎಷ್ಟೋ ಸಮಯದಿಂದ ಹೀಗೇ" ಎಂದರು. ನಂತರ, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ, "ಊರಿನಲ್ಲಿ ತುಂಬ ಗಟ್ಟಿ ಇತ್ತು ಅಂತ ಹೇಳು, ಆಯ್ತಾ ಮಗಾ?"

ಮನೆಗೆ ಹೋಗಿ ಹೇಳಿದೆ. ಇಬ್ಬರು ಹಿಡಿದುಕೊಂಡಿದ್ದರು, ಇಕ್ಕಳ ಬಾಗಿತು, ಇನ್ನೇನು ಬಿಟ್ಟೇಬಿಡುವುದೆಂದು ಮಾಡಿದ್ದೆವು ಎಂದೆ. ಮಾವ ಪಕ್ಕದಲ್ಲಿ ಕೂತು, ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು, ಗಂಭೀರವಾಗಿ ತಲೆಯಾಡಿಸಿದರು. ಸುಳ್ಳು ಹೇಳುವಾಗ ಕೈ ನಡುಗದಿರುವುದೂ ವೃತ್ತಿಯ ಒಂದು ಭಾಗ ಎಂದು ಅಂದು ಕಲಿತೆ. "ಸ್ವಲ್ಪವೂ ನೋವಾಗುವುದಿಲ್ಲ" ಎಂದು ಮುಂದೆ ಎಷ್ಟು ಜನರಿಗೆ ಹೇಳಿದ್ದೇನೋ.

ವಸಡು ಮಾಗುವವರೆಗೆ ಕಾದು ಕೆಲಸ ಶುರು ಮಾಡಿದೆ. ವಾರಕ್ಕೊಮ್ಮೆ ಮಾವ ಮಣಿಪಾಲಕ್ಕೆ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ, "ಅಲ್ಲಿ ಒಂದು ಕೆಲಸ ಉಂಟು. ಅದು ಆಗುವ ಹೋಗುವ ಕೆಲಸ ಅಲ್ಲ, ಆದರೂ ಹೋಗ್ತಾ ಇದ್ದೇನೆ" ಎನ್ನುತ್ತಿದ್ದರು. ಅಚ್ಚು ತೆಗೆದದ್ದು ಚೆನ್ನಾಗಿ ಬಂತು. ಎಡವಿದ್ದು ಅದರ ನಂತರ.

ಹಲ್ಲಿಲ್ಲದ ಬಾಯಿಗೆ ತಡೆಯಿಲ್ಲ. ಕೆಳದವಡೆ ಎಲ್ಲಿ ಬೇಕಾದರೂ ಹೋಗಿ ಮುಚ್ಚಿಕೊಳ್ಳುತ್ತದೆ. ಅದು ಹುಟ್ಟಿನಿಂದ ಮುಚ್ಚಿಕೊಳ್ಳುತ್ತಿದ್ದ ನಿಜವಾದ ಜಾಗವನ್ನು ಹುಡುಕಿ ಮೇಣದಲ್ಲಿ ಗುರುತು ಹಾಕಬೇಕು. ಈ ಕೆಲಸದ ಅರ್ಧ ವಿದ್ಯೆ ಅದೇ. ನಾನು "ಕಚ್ಚಿ ಮಾವ" ಎಂದೆ. ಮಾವ ಕಚ್ಚಿದರು. ಗುರುತು ಹಾಕಿದೆ, ಮೇಣದಲ್ಲಿ ಹಲ್ಲು ಜೋಡಿಸಿದೆ, ಮುಂದಿನ ವಾರ ಬಾಯಿಗಿಟ್ಟು 'ಮತ್ತೊಮ್ಮೆ ಸರ್' ಎದುರು ನಿಲ್ಲಿಸಿದೆ. ಸರ್ ಮಾವನ ಗಲ್ಲ ಹಿಡಿದು ದವಡೆ ಮುಚ್ಚಿಸಿದರು. ಹಿಂದೆ ಎರಡು ಹಲ್ಲು ತಾಗಿತು. ಉಳಿದವು ಒಂದನ್ನೊಂದು ದೂರದಿಂದ ನೋಡಿದವು.

"ಯಾರ ಬಾಯಿಗೆ ಮಾಡಿದ್ದು ಇದು?"

"ಇವರದ್ದಕ್ಕೇ ಸರ್."

"ಇವರು ಒಪ್ಪುವುದಿಲ್ಲ. ಮತ್ತೊಮ್ಮೆ."

ಮತ್ತೊಮ್ಮೆ ಮಾಡಿದೆ. ಮತ್ತೊಮ್ಮೆ ಹಾಗೆಯೇ ಆಯಿತು. ಪರೀಕ್ಷೆ ಹತ್ತಿರ ಬಂದಿತ್ತು. ಆಮೇಲೆ ನನಗೆ ಹೊಳೆಯಿತು: ಕಚ್ಚು ಎಂದರೆ ಮಾವನಿಗೆ ಗೊತ್ತಿರುವುದು ಒಂದೇ ಕಚ್ಚುವುದು. ಬಲೆಯ ನೂಲು ಹಿಡಿಯುವುದು. ದವಡೆ ಮುಂದಕ್ಕೆ ಬರುತ್ತದೆ, ಎಡಕ್ಕೆ ವಾಲುತ್ತದೆ. ನಾನು ಹಾಕಿದ ಗುರುತು ಮನುಷ್ಯ ಊಟ ಮಾಡುವ ಬಾಯಿಯದ್ದಲ್ಲ, ಬಲೆ ರಿಪೇರಿ ಮಾಡುವ ಬಾಯಿಯದ್ದು. ಬೇರೆ ಊರಿನ ವಿದ್ಯಾರ್ಥಿ ಈ ತಪ್ಪು ಮಾಡುತ್ತಿರಲಿಲ್ಲ, ಬೇರೆ ಊರಿನ ರೋಗಿ ಮಾಡಿಸುತ್ತಲೂ ಇರಲಿಲ್ಲ. ಹುಟ್ಟಿದಂದಿನಿಂದ ಆ ಬಾಯಿಯನ್ನು ಹಾಗೆಯೇ ನೋಡಿದ್ದರಿಂದ ನನಗೆ ಅದೇ ಸರಿ ಎಂದು ಕಂಡಿತ್ತು.

"ನುಂಗಿ" ಎನ್ನಬೇಕು ಎಂದು ಪುಸ್ತಕದಲ್ಲಿ ಇದೆ. ಉಗುಳು ನುಂಗಿದಾಗ ದವಡೆ ತನ್ನ ಜಾಗಕ್ಕೆ ಹೋಗುತ್ತದೆ. ಮಾವನಿಗೆ ಹೇಳಿದರೆ, "ಎಂತ ನುಂಗುವುದು? ಬಾಯಿಯಲ್ಲಿ ಎಂತ ಉಂಟು? ಮೇಣ ನುಂಗಲಾ?" ಎಂದು ಇನ್ನೂ ಬಿಗಿಯಾದರು. ಮುಂದಿನ ವಾರ ಅಮ್ಮನಿಂದ ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಪಾತ್ರೆಯಲ್ಲಿ ತರಿಸಿ, ಲೋಟಕ್ಕೆ ಹಾಕಿ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. ಮಾವ ಮನೆಯ ವಾಸನೆ ಬಂದದ್ದೇ ಒಂದು ಗುಟುಕು ಕುಡಿದರು. ನುಂಗಿದರು. ದವಡೆ ಮೆತ್ತಗೆ ಹಿಂದೆ ಸರಿದು, ಬೋಟು ದಕ್ಕೆಗೆ ತಾಗುವ ಹಾಗೆ ತಾಗಿತು. ನಾನು ಗುರುತು ಹಾಕಿದೆ. ಈ ಸಲ ಸರ್ ನೋಡಿ ಏನೂ ಹೇಳದೆ ಮುಂದೆ ಹೋದರು. ಅವರ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಪರೀಕ್ಷೆ ಬಂದದ್ದು ಮಳೆ ಮುಗಿದು ಬೋಟುಗಳು ಕಡಲಿಗೆ ಇಳಿಯುವ ವಾರದಲ್ಲಿ. ತಾಂಡೇಲನಿಗೆ ವರ್ಷದಲ್ಲಿ ಅದಕ್ಕಿಂತ ದೊಡ್ಡ ದಿನವಿಲ್ಲ. ಬರುತ್ತಾರೋ ಇಲ್ಲವೋ ಎಂದು ಅಮ್ಮನಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ನಾನು ಕಾಲೇಜಿನ ಗೇಟಿನಲ್ಲಿ ನಿಂತು ಪ್ರತಿ ಬಸ್ಸಿನ ಬಾಗಿಲನ್ನೂ ನೋಡಿದೆ. ರೋಹನ್‌ನ ಕಾರಿನಿಂದ ಸಂಜೀವಣ್ಣ ಇಳಿದು, ನನಗೆ ಕೈ ಮುಗಿದು ಒಳಗೆ ಹೋದರು. ಎಲ್ಲರ ರೋಗಿಗಳೂ ಬಂದರು. ಕೊನೆಗೆ, ಗಂಟೆ ಹೊಡೆಯುವ ಹೊತ್ತಿಗೆ, ಮೀನಿನ ಟೆಂಪೋ ಒಂದು ಗೇಟಿನ ಎದುರು ನಿಂತಿತು. ಡ್ರೈವರನ ಪಕ್ಕದಿಂದ ಮಾವ ಇಳಿದರು.

"ಬೋಟು?"

"ಬೇರೆಯವನ ಕೈಯಲ್ಲಿ ಕೊಟ್ಟೆ. ಅವನಿಗೆ ದಿಕ್ಕು ಗೊತ್ತಿಲ್ಲ. ಬೇಗ ಮುಗಿಸು."

ಹೊರಗಿನ ಪರೀಕ್ಷಕರು ಮೈಸೂರು ಕಡೆಯವರು. ಸೆಟ್ ಕೂರಿಸಿದೆ, ಗಂಜಿ ಕುಡಿಸಿದೆ. ಅವರು ತಟ್ಟೆಯಲ್ಲಿದ್ದ ಲೋಟವನ್ನು ಬಗ್ಗಿ ನೋಡಿದರು.

"ಏನಮ್ಮಾ ಇದು? ಯಾವ ಸಲ್ಯೂಷನ್?"

"ಗಂಜಿ ಸರ್."

"ಗಂಜಿನಾ? ಯಾರಿಗೆ?"

"ರೋಗಿಗೆ ಸರ್. ನುಂಗಲಿಕ್ಕೆ."

ಅವರು 'ಮತ್ತೊಮ್ಮೆ ಸರ್' ಮುಖ ನೋಡಿದರು. ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಪರೀಕ್ಷಕರು ಮಾವನ ಗಲ್ಲ ಹಿಡಿದು ಮುಚ್ಚಿಸಿದರು, ತೆರೆಸಿದರು, ಅಲುಗಿಸಿದರು. ನನ್ನನ್ನು ಒಂದಷ್ಟು ಕೇಳಿದರು, ಹೇಳಿದೆ. ಅಂಕ ಬರೆದು ಹಾಳೆ ಮಡಚಿದರು. ಮುಗಿಯಿತು. ಮಡಚಿದ ಹಾಳೆಯ ಅರ್ಥ ಮಾವನಿಗೆ ಗೊತ್ತಿರಲಿಲ್ಲ. ಹೊರಡುವ ಮುಂಚೆ ಪರೀಕ್ಷಕರು ಬರೀ ಸೌಜನ್ಯಕ್ಕೆ, "ಹೇಗಿದೆ ಯಜಮಾನ್ರೇ ಹಲ್ಲು? ಈ ಹುಡುಗಿ ಸರಿಯಾಗಿ ಮಾಡಿದ್ದಾಳಾ?" ಎಂದು ಕೇಳಿದರು.

ನಾಲ್ಕು ವರ್ಷದಿಂದ ಆಗುವುದಿಲ್ಲ ಎಂದವರನ್ನೇ ಕೇಳುತ್ತಿದ್ದರು.

ಮಾವ ಕಿಸೆಯಿಂದ ಬಲೆಯ ನೂಲು ತೆಗೆದರು. ಹೊಸ ಹಲ್ಲಿನಲ್ಲಿ ಕಚ್ಚಿ ಎಳೆದರು. ಸೆಟ್ ಅಲುಗಲಿಲ್ಲ. ನೂಲೂ ತುಂಡಾಗಲಿಲ್ಲ. ಇನ್ನೊಮ್ಮೆ ಎಳೆದರು. ಇಲ್ಲ. ಒಂದು ಕ್ಷಣ ಮಾವ ನನ್ನನ್ನು ನೋಡಿದರು. ಆಮೇಲೆ ಎಡಗೈ ಬಾಯಿಯ ಹತ್ತಿರ ಬಂತು, ನಾನು ಬಾಲ್ಯದಿಂದ ನೋಡಿದ ಹಾಗೆ, ಕೈ ಒಮ್ಮೆ ಝಾಡಿಸಿತು. ನೂಲು ಎರಡು ತುಂಡಾಗಿ ಗಂಜಿ ಲೋಟದ ಪಕ್ಕ ಬಿತ್ತು.

"ನೋಡಿ" ಎಂದರು ಮಾವ. "ಹೀಗೆ ಮಾಡಿದ್ದಾಳೆ."

ಪರೀಕ್ಷಕರು ನೂಲಿನ ತುಂಡನ್ನು ಎತ್ತಿ ಎಳೆದು ನೋಡಿ, "ಕಡಲಿನ ಕಡೆ ಜನ!" ಎಂದು ನಕ್ಕು ಮುಂದಿನ ಕುರ್ಚಿಗೆ ಹೋದರು. 'ಮತ್ತೊಮ್ಮೆ ಸರ್' ಮಾತ್ರ ಹೋಗಲಿಲ್ಲ. ಮಾವನ ಎಡ ಮುಷ್ಟಿಯನ್ನೇ ನೋಡುತ್ತಾ ನಿಂತರು. ಏನೋ ಹೇಳಲು ಬಾಯಿ ತೆರೆದರು. ನಾನು ಆ ಪದಕ್ಕೆ ಕಾದೆ. ಅವರು ಬಾಯಿ ಮುಚ್ಚಿಕೊಂಡು ಹೋದರು. ಅಷ್ಟು ವರ್ಷಗಳಲ್ಲಿ ಬಾಯಿ ತೆರೆದ ಮೇಲೂ ಆ ಪದ ಬಾರದೆ ಉಳಿದದ್ದು ನಾನು ಕಂಡಂತೆ ಅದೊಂದೇ ಸಲ.

ಈಗ ಕಾಲ ಬದಲಾಗಿದೆ. ಮಕ್ಕಳು ಮೊದಲು ಬೊಂಬೆಯ ತಲೆಯ ಮೇಲೆ ಕಲಿಯುತ್ತಾರೆ. ಬೊಂಬೆ ಮೂರ್ಛೆ ಹೋಗುವುದಿಲ್ಲ, ಗಡ್‌ಬಡ್ ಕೇಳುವುದಿಲ್ಲ. ಅಚ್ಚು ತೆಗೆಯಲು ಕ್ಯಾಮೆರಾ ಇದೆ, ಹಲ್ಲನ್ನು ಯಂತ್ರವೇ ಕೊರೆದು ಕೊಡುತ್ತದೆ. ಒಳ್ಳೆಯದೇ. ನಾವು ಬುಟ್ಟಿಗೆ ಹಾಕಿದಷ್ಟು ಮೇಣವನ್ನು ಅವರು ಕಂಡೂ ಇಲ್ಲ, ಕಾಣುವ ಅಗತ್ಯವೂ ಇಲ್ಲ. ಆದರೆ ಯಂತ್ರ "ಕಚ್ಚಿ" ಎಂದಾಗ ಕುರ್ಚಿಯಲ್ಲಿ ಕೂತವರು ಯಾವ ಬಾಯಿಯಿಂದ ಕಚ್ಚುತ್ತಾರೆ ಎಂದು ಅದಕ್ಕೆ ತಿಳಿಯುವುದಿಲ್ಲ. ಅದನ್ನು ನೀವೇ ನೋಡಬೇಕು. ರೋಗಿ ಬಂದ ತಕ್ಷಣ ಬಾಯಿ ತೆರೆಯಿರಿ ಎನ್ನಬೇಡಿ. ಮೊದಲು, ನೀವು ಎಂತ ಕೆಲಸ ಮಾಡುವುದು ಎಂದು ಕೇಳಿ. ನನ್ನ ಇಷ್ಟು ವರ್ಷದ ಪಾಠ ಅಷ್ಟೇ. ಅದಕ್ಕೊಂದು ಪ್ರತ್ಯೇಕ ಪರೀಕ್ಷೆ ಇನ್ನೂ ಬಂದಿಲ್ಲ.

ಮಾವ ತೀರಿಕೊಂಡು ಬಹಳ ಕಾಲವಾಯಿತು. ಹಾಗಾಗಿ ಬ್ಲೇಡಿನ ಸಂಗತಿ ಬರೆಯುವ ಧೈರ್ಯ ಮಾಡಿದೆ. ಕಾಪುವಿನಲ್ಲಿ ಇದನ್ನು ಓದಿದವರು ನಂಬಲಿಕ್ಕಿಲ್ಲ, ಅದೂ ಒಳ್ಳೆಯದೇ.

ಪದವಿ ಪ್ರದಾನದ ದಿನ ಅಮ್ಮ ಮತ್ತು ಮಾವ ಇಬ್ಬರೂ ಬಂದಿದ್ದರು. ಅಮ್ಮ ಹಿಂದಿನ ಸಾಲಿನಲ್ಲಿ ಸೆರಗು ಬಿಗಿಯಾಗಿ ಹಿಡಿದು ಕೂತಿದ್ದಳು. ಮಾವ ಮುಂದಿನ ಸಾಲಿನಲ್ಲಿ ಕೂತು, ನಾನು ಮಾಡಿಕೊಟ್ಟ ಹಲ್ಲಿನ ಪೂರ್ತಿ ಸೆಟ್ಟು ಕಾಣುವ ಹಾಗೆ ಎಲ್ಲರಿಗೂ ನಗುತ್ತಿದ್ದರು. ಪಕ್ಕದಲ್ಲಿ ಕೂತವರು ಯಾರೋ ದೊಡ್ಡ ಮನುಷ್ಯರು; ಅವರಿಗೆ ಏನು ಹೇಳಿದರೋ, ಅವರೂ ನಗುತ್ತಿದ್ದರು. ಹೆಸರು ಕರೆದರು. ವೇದಿಕೆಯ ಮೇಲೆ ಪದವಿಪತ್ರ ಯಾರು ಕೊಟ್ಟರು ಎಂದು ನನಗೆ ಈಗ ನೆನಪಿಲ್ಲ. ಕೈಗೆ ಬಂದ ಕಾಗದದ ದಪ್ಪ ನೆನಪಿದೆ. ಕೆಳಗಿಳಿದು ಬಂದು ಅದನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮ ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಆದರೂ ಮುಟ್ಟಲಿಲ್ಲ. "ಅಣ್ಣನಿಗೆ ಕೊಡು" ಎಂದಳು.

ಮಾವ ತೆಗೆದುಕೊಂಡರು. ಅವರಿಗೆ ಇಂಗ್ಲಿಷ್ ಓದಲು ಬಾರದು. ಕಡಲಿನ ಮೇಲೆ ಮೋಡ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಸುತ್ತಮುತ್ತ ಯಾರೂ ಕೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಂದರು.

"ಇದರಲ್ಲಿ ಆ ಹಲ್ಲಿನ ವಿಷಯ ಬರೆದಿಲ್ಲ ಅಲ್ವಾ?"

"ಉಂಟು ಮಾವ" ಎಂದೆ, ನನ್ನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟು. "ಇಲ್ಲಿ. ತುಂಬ ಗಟ್ಟಿ ಇತ್ತು ಅಂತ ಬರೆದಿದ್ದಾರೆ."

ಮಾವ ಆ ಸಾಲನ್ನು ಸ್ವಲ್ಪ ಹೊತ್ತು ನೋಡಿ, ಕಾಗದವನ್ನು ಜೋಪಾನವಾಗಿ ನನ್ನ ಕೈಗೆ ವಾಪಸು ಕೊಟ್ಟರು.

"ಹಾಗಾದರೆ ಫ್ರೇಮು ಹಾಕಿಸು."